ಸ್ಟೆಂಟ್ ಹಾಕಿ ಐದು ತಿಂಗಳಾಯಿತು, ಭಯ ಮಾತ್ರ ಹೋಗಿಲ್ಲ

ಪ್ರಶ್ನೆ: ನನಗೆ 57 ವರ್ಷ. ಕೊಡಗಿನ ನಾಪೋಕ್ಲು ಕಡೆ ಕಾಫಿ ತೋಟ ಇದೆ. ಕಳೆದ ಜೂನ್‌ನಲ್ಲಿ, ಜೋರು ಮಳೆಯ ಒಂದು ರಾತ್ರಿ, ಹಾರ್ಟ್ ಅಟ್ಯಾಕ್ ಆಯಿತು. ಮಡಿಕೇರಿಯಲ್ಲಿ ಇಂಜೆಕ್ಷನ್ ಕೊಟ್ಟು ಮೈಸೂರಿಗೆ ಕಳಿಸಿದರು, ಅಲ್ಲಿ ಒಂದು ಸ್ಟೆಂಟ್ ಹಾಕಿದರು. ಈಗ ಐದು ತಿಂಗಳು. ಎಕೋದಲ್ಲಿ (ಹೃದಯದ ಸ್ಕ್ಯಾನ್) ಪಂಪಿಂಗ್ 45% ಎಂದು ಬಂದಿದೆ. ಡಾಕ್ಟರು ‘ಎಲ್ಲ ಚೆನ್ನಾಗಿದೆ, ಮಾತ್ರೆ ಬಿಡಬೇಡಿ’ ಎನ್ನುತ್ತಾರೆ. ಆದರೆ ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ನಾಡಿ ಹಿಡಿದುಕೊಂಡು ಬೆಳಗಿನವರೆಗೆ ಕೂರುತ್ತೇನೆ. ಮಳೆಗಾಲ ಪೂರ್ತಿ ಮನೆಯೊಳಗೇ ಕಳೆಯಿತು. ತೋಟಕ್ಕೆ ಇಳಿಯಲು ಧೈರ್ಯವಿಲ್ಲ, ಹೆಂಡತಿಯೂ ಬಿಡುವುದಿಲ್ಲ. ಸಣ್ಣ ಮಾತಿಗೆ ಸಿಟ್ಟು, ಸುಮ್ಮನೆ ಕೂತಿದ್ದಾಗ ಕಣ್ಣೀರು. ಮೊದಲು ನಾನು ಹೀಗಿರಲಿಲ್ಲ. ಇದು ಹೃದಯದ ತೊಂದರೆಯೋ, ಮನಸ್ಸಿನದೋ? ಹುತ್ತರಿ ಸುಗ್ಗಿ ಹಬ್ಬಕ್ಕೆ ನಮ್ಮ ಕುಟುಂಬದ ಮೂಲ ಮನೆಯಾದ ಐನ್‌ಮನೆಗೆ ಬರಲೇಬೇಕು ಎಂದು ಅಣ್ಣ ಹೇಳಿದ್ದಾರೆ. ಕದಿರು ತೆಗೆಯುವಾಗ ಹಾರಿಸುವ ಕೋವಿಯ ಸದ್ದನ್ನು ನನ್ನ ಎದೆ ತಡೆದುಕೊಂಡೀತೇ ಎಂಬ ಅಂಜಿಕೆಯೂ ಇದೆ.

ಉತ್ತರ: ಎರಡೂ. ಜೂನ್‌ನ ಆ ರಾತ್ರಿ ಪೆಟ್ಟು ಬಿದ್ದದ್ದು ಹೃದಯಕ್ಕೊಂದಕ್ಕೇ ಅಲ್ಲ. ಹೃದಯಾಘಾತವಾದ ಐದು ಜನರಲ್ಲಿ ಸುಮಾರು ಒಬ್ಬರಿಗೆ ಚಿಕಿತ್ಸೆ ಬೇಕಾಗುವಷ್ಟು ಖಿನ್ನತೆ ಬರುತ್ತದೆ. ಅಷ್ಟಕ್ಕೆ ಹೋಗದ ಬೇಸರ, ಅಂಜಿಕೆ, ಸಿಡುಕನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಸಂಖ್ಯೆ ಇನ್ನೂ ದೊಡ್ಡದು. ಮೊದಲ ಕೆಲವು ವಾರ ಕಾರಣವಿಲ್ಲದೆ ಅಳು ಬರುವುದು, ಒಬ್ಬರೇ ಇರಲು ಹೆದರುವುದು ತೀರ ಸಾಮಾನ್ಯ. ಹೆಚ್ಚಿನವರಲ್ಲಿ ಎರಡು ಮೂರು ತಿಂಗಳಲ್ಲಿ ಅದು ತಾನಾಗಿ ಇಳಿಯುತ್ತದೆ. ನಿಮ್ಮದು ಐದು ತಿಂಗಳಾದರೂ ಇಳಿದಿಲ್ಲ. ಹಾಗಾಗಿ ಬಿಪಿ, ಕೊಲೆಸ್ಟರಾಲ್‌ಗಳನ್ನು ಹೇಗೆ ನೋಡುತ್ತೀರೋ ಹಾಗೆಯೇ ಇದನ್ನೂ ಕಾಯಿಲೆಯ ಒಂದು ಪಾಲು ಎಂದು ಹಿಡಿದು ನೋಡಬೇಕು.

ಧೈರ್ಯ ಕಡಿಮೆಯಾಯಿತು ಎಂದು ನಿಮ್ಮನ್ನು ನೀವೇ ಹಳಿದುಕೊಳ್ಳಬೇಡಿ. ಸೈನ್ಯದಲ್ಲಿದ್ದು ಬಂದವರು ಊರೂರಲ್ಲಿರುವ ಜಿಲ್ಲೆ ಇದು. ಗಂಡಸು ಹೆದರಿದೆ ಎಂದು ಬಾಯಿಬಿಡುವುದು ಇಲ್ಲಿ ಸುಲಭವಿಲ್ಲ. ಆದರೆ ಮುಚ್ಚಿಟ್ಟ ಖಿನ್ನತೆ ಹೃದಯಕ್ಕೇ ಕೆಟ್ಟದ್ದು. ಅದು ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳನ್ನು ಹೆಚ್ಚು ಅಂಟಂಟಾಗಿಸುತ್ತದೆ, ಒತ್ತಡದ ಹಾರ್ಮೋನುಗಳನ್ನು ಏರಿಸಿಯೇ ಇಡುತ್ತದೆ. ಅದಕ್ಕಿಂತ ದೊಡ್ಡ ಹಾನಿ ಎಂದರೆ, ಖಿನ್ನತೆ ಇರುವವರು ಮಾತ್ರೆ ತಪ್ಪಿಸುತ್ತಾರೆ, ನಡೆಯುವುದಿಲ್ಲ, ಬಿಟ್ಟಿದ್ದ ಸಿಗರೇಟು ಕುಡಿತಕ್ಕೆ ಮರಳುತ್ತಾರೆ. ಇಂಥವರು ಮತ್ತೆ ಆಸ್ಪತ್ರೆ ಸೇರುವ ಸಂಭವ ಹೆಚ್ಚು.

ಮೊದಲು ಆ 45%ರ ಮಾತು ಮುಗಿಸೋಣ, ಏಕೆಂದರೆ ಈ ಒಂದು ಸಂಖ್ಯೆ ಅನೇಕರ ನಿದ್ದೆ ಕೆಡಿಸಿದೆ. ಪರೀಕ್ಷೆಯಲ್ಲಿ ನೂರಕ್ಕೆ ನಲವತ್ತೈದು ಬಂದ ಹಾಗೆ, ಅರ್ಧಕ್ಕಿಂತ ಹೆಚ್ಚು ಹೃದಯ ಸತ್ತುಹೋಗಿದೆ ಎಂದು ಇದನ್ನು ಓದಿಕೊಳ್ಳುತ್ತಾರೆ. ಎಕೋ ಹೇಳುವುದು ಬೇರೆ. ಎಡ ಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಪ್ರತಿ ಬಡಿತಕ್ಕೆ ಎಷ್ಟು ಪಾಲು ಹೊರಗೆ ಹೋಗುತ್ತದೆ ಎಂಬ ಅಳತೆ ಅದು. ಯಾವ ಆರೋಗ್ಯವಂತ ಹೃದಯವೂ ಪೂರ್ತಿ ಖಾಲಿಯಾಗುವುದಿಲ್ಲ. ಸಾಮಾನ್ಯ ಎಂದರೆ ಸುಮಾರು 55ರಿಂದ 70. ನಿಮ್ಮದು ಸಾಮಾನ್ಯಕ್ಕಿಂತ ಸ್ವಲ್ಪ ಕೆಳಗಿದೆ, ಅಷ್ಟೆ. ಎಕೋ ಮಾಡುವವರ ಕೈ ಬದಲಾದರೂ ಐದರಷ್ಟು ವ್ಯತ್ಯಾಸ ಬರುವುದುಂಟು. ಮಾತ್ರೆ ಮತ್ತು ನಡಿಗೆಯಿಂದ ಈ ಸಂಖ್ಯೆ ಏರುವುದೂ ಇದೆ. 45 ಇದ್ದವರು ತೋಟ ನೋಡಿಕೊಳ್ಳುತ್ತಾರೆ, ಮಕ್ಕಳ ಮದುವೆ ಮಾಡುತ್ತಾರೆ.

ಇನ್ನು ರಾತ್ರಿಯ ಸಂಗತಿ. ಎಡ ಮಗ್ಗುಲಿಗೆ ಮಲಗಿದಾಗ ಹೃದಯ ಎದೆಗೂಡಿಗೆ ಇನ್ನಷ್ಟು ಹತ್ತಿರವಾಗುತ್ತದೆ, ಕಿವಿ ದಿಂಬಿಗೆ ಒತ್ತಿರುತ್ತದೆ. ಹಗಲು ಕೇಳದ ಬಡಿತ ಆಗ ಡೋಲಿನಂತೆ ಕೇಳಿಸುತ್ತದೆ. ಅದನ್ನು ಕೇಳಿ ಹೆದರುತ್ತೀರಿ. ಹೆದರಿದರೆ ಅಡ್ರಿನಲಿನ್ ಏರಿ ಬಡಿತ ಇನ್ನೂ ಜೋರಾಗುತ್ತದೆ, ಅದನ್ನು ಕೇಳಿ ಮತ್ತೆ ಹೆದರುತ್ತೀರಿ. ಉಸಿರು ಬೇಗ ಬೇಗ ಆಡಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಬೆರಳು ತುಟಿ ಜುಂ ಎನ್ನುವುದು, ತಲೆ ಹಗುರಾಗುವುದು ಅದರಿಂದಲೇ. ಈ ದಿಗಿಲು ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ, ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಅದಲ್ಲದೆ ನಿಮ್ಮ ಹೃದಯಾಘಾತ ಆದದ್ದೂ ರಾತ್ರಿಯೇ, ಮಳೆಯಲ್ಲೇ. ಹಾಗಾಗಿ ಹೆಂಚಿನ ಮೇಲೆ ಮಳೆ ಸದ್ದಾದರೂ ಮೈ ಆ ರಾತ್ರಿಯನ್ನೇ ಮತ್ತೆ ಬದುಕುತ್ತದೆ. ಹೃದಯಾಘಾತವಾದ ಎಂಟು ಜನರಲ್ಲಿ ಸುಮಾರು ಒಬ್ಬರಿಗೆ, ಯುದ್ಧ ಅಪಘಾತಗಳಿಂದ ಬಂದವರಲ್ಲಿ ಕಾಣುವಂಥದ್ದೇ ಈ ಮರುಕಳಿಕೆಯ ಲಕ್ಷಣಗಳು ಇರುತ್ತವೆ. ಅದೇ ಘಟನೆ ಕನಸಿನಲ್ಲಿ ಬರುವುದು, ಮೈಸೂರು ರಸ್ತೆ ಹಿಡಿದರೆ ಬೆವರುವುದು, ಆಸ್ಪತ್ರೆಯ ವಾಸನೆಗೆ ಹೊಟ್ಟೆ ತೊಳಸುವುದು ನಿಮಗೂ ಇದ್ದರೆ ಡಾಕ್ಟರಿಗೆ ಬಿಡಿಸಿ ಹೇಳಿ. ಇದಕ್ಕೆಂದೇ ಚಿಕಿತ್ಸೆ ಇದೆ.

ಎಚ್ಚರವಾದಾಗ ಮಾಡಬೇಕಾದದ್ದು: ಹಾಸಿಗೆಯಿಂದ ಎದ್ದು ಕುರ್ಚಿಯಲ್ಲಿ ಕೂತು ಕಾಲು ನೆಲಕ್ಕೆ ಊರಿ. ಮೂಗಿನಿಂದ ನಾಲ್ಕು ಎಣಿಸುವಷ್ಟು ಉಸಿರು ಎಳೆದು, ಆರು ಎಣಿಸುವಷ್ಟು ನಿಧಾನವಾಗಿ ಬಿಡಿ. ನಿಮಿಷಕ್ಕೆ ಆರು ಉಸಿರು ಆಗುತ್ತದೆ. ಹೀಗೆ ಐದರಿಂದ ಹತ್ತು ನಿಮಿಷ. ನಡುವೆ ಉಸಿರು ಕಟ್ಟಬೇಡಿ. ಇದನ್ನು ಹಗಲು ಎರಡು ಹೊತ್ತು ರೂಢಿ ಮಾಡಿಕೊಂಡಿದ್ದರೆ ಮಾತ್ರ ರಾತ್ರಿ ಕೈ ಹಿಡಿಯುತ್ತದೆ. ದಿಗಿಲು ಬಂದ ಮೇಲೆ ಮೊದಲ ಸಲ ಪ್ರಯತ್ನಿಸಿ ‘ಕೆಲಸ ಮಾಡಲಿಲ್ಲ’ ಎಂದು ಬಿಟ್ಟವರೇ ಜಾಸ್ತಿ.

ಆದರೆ ಅದು ದಿಗಿಲೇ ಎಂದು ಗೊತ್ತಾಗುವುದು ಹೇಗೆ? ಒಂದೇ ಬೆರಳಿನಿಂದ ತೋರಿಸಬಹುದಾದ ಚುಚ್ಚು ನೋವು, ಕ್ಷಣದಲ್ಲಿ ಬಂದು ಹೋಗುವುದು, ಒತ್ತಿದರೆ ಅಥವಾ ಮಗ್ಗುಲು ತಿರುಗಿದರೆ ಬದಲಾಗುವುದು ಹೆಚ್ಚಾಗಿ ಎದೆಯ ಸ್ನಾಯುವಿನದು. ಎದೆಯ ನಡುವೆ ಕಲ್ಲು ಇಟ್ಟಂಥ ಭಾರ, ಅದು ದವಡೆಗೆ, ಎಡಗೈಗೆ, ಬೆನ್ನಿಗೆ ಹರಿಯುವುದು, ತಣ್ಣನೆ ಬೆವರು, ವಾಂತಿ ಬಂದಂತಾಗುವುದು, ಅಥವಾ ಜೂನ್‌ನಲ್ಲಿ ಆದಂಥದ್ದೇ ನೋವು ಬೇರೆ ಜಾತಿಯದು. ಆಗ ಕೂತುಕೊಂಡು, ಡಾಕ್ಟರು ಬರೆದುಕೊಟ್ಟಿದ್ದರೆ ರಕ್ತನಾಳ ಸಡಿಲಿಸುವ ಸಾರ್ಬಿಟ್ರೇಟ್ ಮಾತ್ರೆ 5 ಮಿ.ಗ್ರಾಂ. ನಾಲಿಗೆ ಕೆಳಗೆ ಇಡಿ; ನಿಂತುಕೊಂಡು ಇಟ್ಟರೆ ಬಿಪಿ ಇಳಿದು ಬೀಳುವ ಸಂಭವ ಇದೆ. ಐದು ನಿಮಿಷದಲ್ಲಿ ಕಡಿಮೆಯಾಗದಿದ್ದರೆ 108. ಯಾವುದೆಂದು ಅನುಮಾನವಾದರೆ ಹೃದಯದ್ದೇ ಎಂದು ಹೊರಡಿ. ಹೋಗಿ ಇಸಿಜಿ ಸರಿಯಾಗಿದೆ ಎಂದು ವಾಪಸು ಬಂದರೆ ನಾಚಿಕೆಪಡುವಂಥದ್ದು ಏನೂ ಇಲ್ಲ.

ಮಲಗಿದರೆ ಉಸಿರು ಕಟ್ಟಿ ಎದ್ದು ಕೂತರೆ ಸಲೀಸಾಗುವುದು, ಕಾಲು ಊದುವುದು, ಮೂರು ದಿನದಲ್ಲಿ ತೂಕ ಎರಡು ಕಿಲೋ ಏರುವುದು ಭಯದಿಂದ ಆಗುವಂಥವಲ್ಲ. ಇವು ಕಂಡರೆ ಅದೇ ದಿನ ಡಾಕ್ಟರನ್ನು ಕಾಣಬೇಕು.

ನಿಮ್ಮ ಭಯದಲ್ಲಿ ಒಂದು ಪಾಲು ನ್ಯಾಯವಾದದ್ದೇ ಎಂಬುದನ್ನೂ ಒಪ್ಪಬೇಕು. ಹೃದಯ ತಜ್ಞರಿರುವ ದೊಡ್ಡ ಆಸ್ಪತ್ರೆ ಮೈಸೂರಿನಲ್ಲೋ ಮಂಗಳೂರಿನಲ್ಲೋ ಇದೆ. ಮಳೆಯಲ್ಲಿ ಮರ ಬಿದ್ದು ರಸ್ತೆ ಕಟ್ಟುತ್ತದೆ, ಕರೆಂಟ್ ಹೋದರೆ ಮೊಬೈಲ್ ಸಿಗ್ನಲ್ ಕೂಡ ಹೋಗುತ್ತದೆ, ರಾತ್ರಿ ದಾರಿಯಲ್ಲಿ ಆನೆ ಇರುತ್ತದೆ. ಇಂಥ ಭಯಕ್ಕೆ ಸಮಾಧಾನ ಹೇಳಿ ಪ್ರಯೋಜನವಿಲ್ಲ, ಏರ್ಪಾಡು ಬೇಕು. ಫೋನ್ ಇರುವ ಗೋಡೆಗೆ ಒಂದು ರಟ್ಟು ಹಾಕಿ, ದೊಡ್ಡ ಅಕ್ಷರದಲ್ಲಿ 108, ಜೀಪ್ ಇರುವ ಇಬ್ಬರು ನೆರೆಯವರ ನಂಬರು, ಒಬ್ಬ ಡ್ರೈವರ್ ನಂಬರು ಬರೆಯಿರಿ. ಮನೆಯಲ್ಲಿ ಸಿಗ್ನಲ್ ಎಲ್ಲಿ ಸಿಗುತ್ತದೋ ಆ ಜಾಗವನ್ನು ಮನೆಯವರಿಗೆಲ್ಲ ತೋರಿಸಿಡಿ. ಒಂದು ಪ್ಲಾಸ್ಟಿಕ್ ಕವರಿನಲ್ಲಿ ಡಿಸ್ಚಾರ್ಜ್ ಸಮ್ಮರಿ, ಮಾತ್ರೆಗಳ ಪಟ್ಟಿ, ಇತ್ತೀಚಿನ ಇಸಿಜಿ ಇರಲಿ. ಹಳೆಯ ಇಸಿಜಿ ಯಾಕೆ ಮುಖ್ಯ ಎಂದರೆ, ಹೃದಯಾಘಾತದ ಗಾಯದ ಗುರುತು ಅದರಲ್ಲಿ ಉಳಿದುಬಿಡುತ್ತದೆ. ಹೊಸ ಡಾಕ್ಟರಿಗೆ ಹೋಲಿಸಿ ನೋಡಲು ಅದಿಲ್ಲದಿದ್ದರೆ ಹಳೆಯದೇ ಹೊಸದಾಗಿ ಕಾಣುತ್ತದೆ. ರಾತ್ರಿ ವಾಹನವನ್ನು ಗೇಟಿನ ಕಡೆ ಮುಖ ಮಾಡಿ ನಿಲ್ಲಿಸಿ. ಹತ್ತಿರದ ಯಾವ ಆಸ್ಪತ್ರೆಯಲ್ಲಿ ರಾತ್ರಿ ಇಸಿಜಿ ತೆಗೆಯುತ್ತಾರೆ, ಹೆಪ್ಪು ಕರಗಿಸುವ ಇಂಜೆಕ್ಷನ್ ಎಲ್ಲಿದೆ ಎಂದು ಹಗಲಲ್ಲೇ ಹೋಗಿ ಕೇಳಿ. ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಶುರುವಾದದ್ದೇ ತಾಲ್ಲೂಕು ಮಟ್ಟದಲ್ಲಿ ಇಸಿಜಿ ತೆಗೆದು, ತಜ್ಞರಿಗೆ ಕಳಿಸಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಉಚಿತವಾಗಿ ಕೊಡಲು. ನಿಮಗೆ ಹತ್ತಿರದಲ್ಲಿ ಅದು ಎಲ್ಲಿದೆ ಎಂದು ತಿಳಿದಿಟ್ಟುಕೊಳ್ಳಿ. ಈ ಏರ್ಪಾಡನ್ನು ಒಮ್ಮೆ ಹಗಲಲ್ಲಿ ಅಭ್ಯಾಸವನ್ನೂ ಮಾಡಿ ನೋಡಿ. ಎಲ್ಲ ಸಿದ್ಧವಿದೆ ಎಂಬುದು ಗೊತ್ತಿದ್ದರೆ ರಾತ್ರಿ ಎರಡು ಗಂಟೆಯ ಯೋಚನೆ ಅಷ್ಟು ದೂರ ಓಡುವುದಿಲ್ಲ.

ನಾಡಿ ನೋಡುವುದನ್ನು ಬಿಡಬೇಕು. ಕಷ್ಟದ ಮಾತು, ಆದರೂ ಇದೇ ಮುಖ್ಯ. ಪ್ರತಿ ಸಲ ನಾಡಿ ಹಿಡಿದು ‘ಸರಿ ಇದೆ’ ಎಂದು ಗೊತ್ತಾದಾಗ ಸಿಗುವ ಸಮಾಧಾನ ಕೆಲವೇ ನಿಮಿಷ. ಆಮೇಲೆ ಮನಸ್ಸು ಮತ್ತೆ ನೋಡು ಎನ್ನುತ್ತದೆ. ಬಿಪಿ ಮತ್ತು ನಾಡಿಗೆ ದಿನಕ್ಕೆ ಒಂದೇ ಹೊತ್ತು ಇಟ್ಟುಕೊಳ್ಳಿ: ಬೆಳಗ್ಗೆ ಮೂತ್ರಕ್ಕೆ ಹೋಗಿ ಬಂದು, ಕಾಫಿಗೆ ಮೊದಲು, ಐದು ನಿಮಿಷ ಸುಮ್ಮನೆ ಕೂತ ಮೇಲೆ. ಪುಸ್ತಕದಲ್ಲಿ ಬರೆದು ಮಡಚಿಡಿ. ಮೆಟೊಪ್ರೊಲಾಲ್‌ನಂಥ, ಎದೆಬಡಿತ ನಿಧಾನ ಮಾಡುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಿಗೆ 55–60ರ ನಾಡಿ ಮಾತ್ರೆ ತನ್ನ ಕೆಲಸ ಮಾಡುತ್ತಿರುವುದರ ಗುರುತು. 50ಕ್ಕಿಂತ ಕೆಳಗೆ ಹೋಗಿ ತಲೆ ಸುತ್ತಿದರೆ ಮಾತ್ರ ಡಾಕ್ಟರಿಗೆ ಹೇಳಿ. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಮನೆಯಲ್ಲಿದ್ದರೆ ಬೀರುವಿನಲ್ಲಿಡಿ. ಡಿಸೆಂಬರ್ ಚಳಿಗೆ ಬೆರಳು ತಣ್ಣಗಾಗಿದ್ದರೆ ಅದು ತಪ್ಪು ಲೆಕ್ಕ ತೋರಿಸುತ್ತದೆ, ಮೇಲಿಂದ ಬೀಟಾ ಬ್ಲಾಕರ್ ಕೂಡ ಕೈ ತಣ್ಣಗಾಗಿಸುತ್ತದೆ. 88 ಎಂದು ನೋಡಿ ಕಂಗಾಲಾಗಿ ಓಡಿದವರ ಬೆರಳು ಬೆಚ್ಚಗಾದ ಕೂಡಲೇ 97 ಬರುವುದುಂಟು.

ಮಾತ್ರೆಗಳೂ ಕೆಲವೊಮ್ಮೆ ಮನಸ್ಸಿನ ವೇಷ ಹಾಕುತ್ತವೆ. ಸ್ಟೆಂಟ್ ಆದವರಿಗೆ ಕೊಡುವ, ರಕ್ತ ತೆಳು ಮಾಡುವ ಟಿಕಾಗ್ರೆಲಾರ್ ಕೆಲವರಲ್ಲಿ, ಕೂತಿದ್ದಾಗಲೂ, ‘ಉಸಿರು ಸಾಲದು’ ಎಂಬ ಅನುಭವ ತರುತ್ತದೆ. ಹೃದಯ ಮತ್ತೆ ಕೆಟ್ಟಿತು ಎಂದೋ ಬರೀ ಟೆನ್ಶನ್ ಎಂದೋ ಅದನ್ನು ತಪ್ಪು ತಿಳಿಯುತ್ತಾರೆ. ನಿಮ್ಮ ಪಟ್ಟಿಯಲ್ಲಿ ಅದಿದ್ದು ಉಸಿರಿನ ತೊಂದರೆ ಇದ್ದರೆ ಡಾಕ್ಟರಿಗೆ ಹೇಳಿ; ಬೇರೆ ಮಾತ್ರೆಗೆ ಬದಲಿಸಬಹುದು. ಮೆಟೊಪ್ರೊಲಾಲ್ ಆಯಾಸವನ್ನೂ, ಕಣ್ಣಿಗೆ ಕಟ್ಟಿದಂಥ ವಿಚಿತ್ರ ಕನಸುಗಳನ್ನೂ ತರುವುದಿದೆ. ಅದರಿಂದ ಖಿನ್ನತೆಯೇ ಬರುತ್ತದೆ ಎಂಬ ಹಳೆಯ ನಂಬಿಕೆಗೆ ಮಾತ್ರ ಈಚಿನ ಅಧ್ಯಯನಗಳಲ್ಲಿ ಬಲ ಸಿಕ್ಕಿಲ್ಲ. ಏನೇ ಆದರೂ ನೀವಾಗಿ ಯಾವುದನ್ನೂ ನಿಲ್ಲಿಸಬಾರದು. ಆಸ್ಪಿರಿನ್ ಜೊತೆಗಿನ ಎರಡನೇ ರಕ್ತ ತೆಳು ಮಾಡುವ ಮಾತ್ರೆಯನ್ನು ಹೃದಯಾಘಾತದ ನಂತರ ಸಾಮಾನ್ಯವಾಗಿ 12 ತಿಂಗಳು ಕೊಡುತ್ತಾರೆ. ನಡುವೆ ಬಿಟ್ಟರೆ ಸ್ಟೆಂಟ್‌ನೊಳಗೆ ಹೆಪ್ಪುಗಟ್ಟಬಹುದು. ಆಯಾಸ ತುಂಬಾ ಇದ್ದರೆ ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ಒಮ್ಮೆ ನೋಡಿಸಿ. ರಕ್ತ ತೆಳು ಮಾಡುವ ಮಾತ್ರೆಯಿಂದ ಹೊಟ್ಟೆಯಲ್ಲಿ ಗೊತ್ತಾಗದ ಹಾಗೆ ರಕ್ತ ಒಸರಿ ಹಿಮೋಗ್ಲೋಬಿನ್ ಇಳಿದಿರುವುದೂ ಉಂಟು. ಜೋರಾಗಿ ಗೊರಕೆ ಹೊಡೆಯುತ್ತೀರಾ, ನಡುವೆ ಉಸಿರು ನಿಲ್ಲುತ್ತದಾ ಎಂದು ಮನೆಯವರನ್ನೇ ಕೇಳಿ. ಅದಿದ್ದರೆ ರಾತ್ರಿಯ ಎಚ್ಚರಕ್ಕೆ ಬೇರೆಯೇ ಕಾರಣ ಇರಬಹುದು.

ಕಾಫಿ ಬೆಳೆಯುವವರಿಗೆ ಕಾಫಿ ಬಿಡಿ ಎನ್ನುವುದು ಅನಗತ್ಯ ಕಠಿಣ. ಬೆಳಗ್ಗೆ ಒಂದು, ಹನ್ನೊಂದಕ್ಕೆ ಒಂದು ಸಾಕು. ಮಧ್ಯಾಹ್ನ ಎರಡರ ಮೇಲೆ ಬೇಡ. ರೊಬಸ್ಟಾದಲ್ಲಿ ಅರೇಬಿಕಾಕ್ಕಿಂತ ಸುಮಾರು ಎರಡರಷ್ಟು ಕೆಫೀನ್ ಇರುವುದರಿಂದ, ಸಂಜೆಯ ಒಂದು ಲೋಟ ಗಟ್ಟಿ ರೊಬಸ್ಟಾ ಕಾಫಿಯೇ ರಾತ್ರಿಯ ಎಚ್ಚರಕ್ಕೂ ಎದೆಬಡಿತಕ್ಕೂ ಸಾಕು.

ಈಗ ತೋಟಕ್ಕೆ ಇಳಿಯುವ ವಿಷಯ. ಭಯ ಹೋದ ಮೇಲೆ ನಡೆಯುತ್ತೇನೆ ಎಂದು ಕಾದರೆ ಅದು ಹೋಗುವುದಿಲ್ಲ. ನಡೆದು, ಏನೂ ಆಗಲಿಲ್ಲ ಎಂದು ಮೈಗೆ ಮತ್ತೆ ಮತ್ತೆ ಗೊತ್ತಾದರೇ ಇಳಿಯುವುದು. ಐದು ತಿಂಗಳು ಕೂತೇ ಇದ್ದುದರಿಂದ ಈಗ ಸ್ವಲ್ಪ ನಡೆದರೂ ಏದುಸಿರು ಬರುತ್ತದೆ. ಅದು ಸ್ನಾಯುಗಳು ಸೊರಗಿದ್ದಕ್ಕೆ, ಆದರೆ ನಿಮಗೆ ಹೃದಯದ ದೋಷದಂತೆ ಕಾಣುತ್ತದೆ. ಹೀಗಾಗಿ ಮೊದಲು ಡಾಕ್ಟರನ್ನು ಕೇಳಿ ಟಿಎಂಟಿ, ಅಂದರೆ ಓಡುವ ಪಟ್ಟಿಯ ಮೇಲೆ ನಡೆಸಿ ಇಸಿಜಿ ನೋಡುವ ಟ್ರೆಡ್‌ಮಿಲ್ ಪರೀಕ್ಷೆ, ಮಾಡಿಸಿ, ಮನೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಆ ಪಟ್ಟಿಯ ಮೇಲೆ ಮೂರು ನಿಮಿಷಕ್ಕೊಮ್ಮೆ ಏರು ಮತ್ತು ವೇಗ ಹೆಚ್ಚಾಗುತ್ತದೆ. ಎರಡನೇ ಹಂತ, ಅಂದರೆ ಆರು ನಿಮಿಷ, ತೊಂದರೆಯಿಲ್ಲದೆ ಮುಗಿಸಿದರೆ ತೋಟ ಸುತ್ತಿ ಬರುವ ಕೆಲಸಕ್ಕೆ ಶಕ್ತಿ ಇದೆ ಎಂದರ್ಥ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ನಡೆದು 1985ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಲ್ಲಿ ನೆನಪಾಗಬೇಕು. ಹೃದಯಾಘಾತವಾದವರ ಹೆಂಡತಿಯರಲ್ಲಿ, ಗಂಡನ ಟ್ರೆಡ್‌ಮಿಲ್ ಪರೀಕ್ಷೆಯನ್ನು ಬರೀ ನೋಡಿದವರಿಗಿಂತ, ಅದೇ ಏರಿನಲ್ಲಿ ತಾವೂ ಮೂರು ನಿಮಿಷ ನಡೆದವರಿಗೆ ‘ಇವರ ಹೃದಯ ಇಷ್ಟನ್ನು ತಡೆಯುತ್ತದೆ’ ಎಂಬ ನಂಬಿಕೆ ಬಂತು. ಹೇಳಿದ ಮಾತಿಗಿಂತ ಕಾಲಿಗೆ ತಗುಲಿದ ಏರು ಹೆಚ್ಚು ಮನವರಿಕೆ ಮಾಡಿತು.

ಟಿಎಂಟಿ ಸರಿ ಇದ್ದರೆ ಕಾಫಿ ಒಣಗಿಸುವ ಕಣದಲ್ಲೇ ಶುರು ಮಾಡಿ. ಹಣ್ಣು ಬರುವವರೆಗೆ ಅದು ಹೇಗೂ ಖಾಲಿ, ಸಮತಟ್ಟು, ಮನೆಯ ಕಣ್ಣಳತೆಯಲ್ಲಿದೆ. ಒಂದು ಸುತ್ತು ಎಷ್ಟು ಮೀಟರ್ ಎಂದು ಅಳೆದಿಟ್ಟುಕೊಳ್ಳಿ. ಮೊದಲ ವಾರ ಬೆಳಗ್ಗೆ ಸಂಜೆ ಹತ್ತು ಹತ್ತು ನಿಮಿಷ. ಮೂರು ದಿನಕ್ಕೊಮ್ಮೆ ಎರಡು ನಿಮಿಷ ಏರಿಸಿ, ಆರನೇ ವಾರಕ್ಕೆ ಒಂದೇ ಸಲಕ್ಕೆ ಮೂವತ್ತು ನಿಮಿಷ, ವಾರಕ್ಕೆ ಐದು ದಿನ. ಮೊದಲ ಐದು ನಿಮಿಷ, ಕೊನೆಯ ಐದು ನಿಮಿಷ ನಿಧಾನ. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ವೇಗಕ್ಕೆ ಇದೇ ಅಳತೆ. ನಸುಕಿನ ಚಳಿಗೆ ರಕ್ತನಾಳ ಬಿಗಿದು ಬಿಪಿ ಏರುವುದರಿಂದ ಬಿಸಿಲು ಬಂದ ಮೇಲೆ, ಊಟವಾಗಿ ಒಂದೂವರೆ ಗಂಟೆ ಬಿಟ್ಟು ನಡೆಯಿರಿ. ಹೊರಡುವ ಮೊದಲು ಭಯಕ್ಕೆ ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕ ಬರೆಯಿರಿ, ಬಂದ ಮೇಲೆ ಮತ್ತೊಂದು. ಎಂಟು ಇದ್ದದ್ದು ನಾಲ್ಕಕ್ಕೆ ಇಳಿಯುವವರೆಗೆ ಅದೇ ನಡಿಗೆ, ಇಳಿದ ಮೇಲೆ ಮುಂದಿನದು. ಒಂದು ದಿನ ಹುಮ್ಮಸ್ಸಿನಲ್ಲಿ ಇಡೀ ತೋಟ ಸುತ್ತಿ, ಸುಸ್ತಾಗಿ, ಮತ್ತೆ ಹದಿನೈದು ದಿನ ಮಲಗುವುದೇ ಎಲ್ಲರೂ ಮಾಡುವ ತಪ್ಪು.

ಇಳಿಜಾರು ಕೊನೆಗೆ. ಕೊಡಗಿನ ಎಷ್ಟೋ ಮನೆಗಳು ಮೇಲೆ, ತೋಟ ಮತ್ತು ಗದ್ದೆ ಕೆಳಗೆ. ಇಳಿಯುವಾಗ ಉಲ್ಲಾಸ, ಹತ್ತುವಾಗ ಎದೆ ಬಾಯಿಗೆ. ಹತ್ತುವುದೇ ಮೊದಲು ಬರುವ ದಾರಿ ಇದ್ದರೆ ಅದನ್ನು ಆರಿಸಿ. ಇಲ್ಲದಿದ್ದರೆ ಐದು ನಿಮಿಷದಷ್ಟು ಮಾತ್ರ ಇಳಿದು, ವಾಪಸು ಬರುವಾಗ ಎರಡು ಕಡೆ ನಿಲ್ಲಿ. ಕಾಫಿ ಚೀಲ ಎತ್ತುವುದು, ಮೆಣಸಿನ ಏಣಿ ಸಾಗಿಸುವುದು ಸದ್ಯ ಬೇಡ. ಉಸಿರು ಬಿಗಿಹಿಡಿದು ಎತ್ತಿದಾಗ ಬಿಪಿ ಒಮ್ಮೆಲೇ ನೆಗೆಯುತ್ತದೆ. ಆದರೆ ಕೊಯ್ಲು ಶುರುವಾದಾಗ ಚೆಕ್‌ರೋಲ್ (ಆಳುಗಳ ಹಾಜರಿ) ಬರೆಯುವುದು, ಸಂಜೆ ಹಣ್ಣು ತೂಗುವಲ್ಲಿ ನಿಲ್ಲುವುದು ನಿಮ್ಮದೇ ಇರಲಿ. ಯಜಮಾನಿಕೆ ಪೂರ್ತಿ ಕೈಬಿಟ್ಟವರಲ್ಲಿ ಬೇಸರ ಬೇಗ ಬೇರು ಬಿಡುತ್ತದೆ.

ನಿಮ್ಮ ಮನೆಯವರ ಬಗ್ಗೆ ಎರಡು ಮಾತು. ಅವರು ತಡೆಯುವುದು ನಿಮ್ಮನ್ನು ಕಟ್ಟಿಹಾಕಲು ಅಲ್ಲ. ಆ ರಾತ್ರಿ ನಿಮ್ಮ ಪಕ್ಕ ಇದ್ದವರು ಅವರು, ಅವರಿಗೂ ನಿದ್ದೆ ಇಲ್ಲ, ಅವರನ್ನು ಹೇಗಿದ್ದೀರಿ ಎಂದು ಕೇಳಿದವರೂ ಇಲ್ಲ. ಇಬ್ಬರೂ ಕೂತು ಒಂದು ಒಪ್ಪಂದ ಮಾಡಿಕೊಳ್ಳಿ: ‘ಎದೆಯಲ್ಲಿ ಏನಾದರೂ ಆದರೆ ನಾನೇ ಹೇಳ್ತೇನೆ, ಮುಚ್ಚಿಡೋದಿಲ್ಲ. ನೀನು ದಿನಕ್ಕೆ ಒಂದೇ ಸಲ ಕೇಳು.’ ಹೇಳುತ್ತೇನೆ ಎಂದ ಮೇಲೆ ನಿಜಕ್ಕೂ ಹೇಳಬೇಕು. ಒಂದೇ ಒಂದು ನೋವನ್ನು ಬಚ್ಚಿಟ್ಟದ್ದು ಗೊತ್ತಾದರೂ ಒಪ್ಪಂದ ಮುರಿದಂತೆ. ಹೃದಯ ನಿಂತಾಗ ಮಾಡುವ ಪ್ರಥಮ ಚಿಕಿತ್ಸೆಯಾದ ಸಿಪಿಆರ್ ಅವರು ಕಲಿತರೆ ಒಳ್ಳೆಯದು: ಎದೆಯ ನಡುವೆ, ಐದರಿಂದ ಆರು ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುವುದು. ಏನು ಮಾಡಬೇಕೆಂದು ಗೊತ್ತಿರುವವರ ಕೈ ಅಷ್ಟಾಗಿ ನಡುಗುವುದಿಲ್ಲ.

ನೀವು ಬರೆಯದ, ಆದರೆ ಈ ವಯಸ್ಸಿನ ಹೆಚ್ಚಿನವರು ಕೇಳಲು ಹಿಂಜರಿಯುವ ಇನ್ನೊಂದು: ದಾಂಪತ್ಯ. ಎರಡು ಮಹಡಿ ಮೆಟ್ಟಿಲನ್ನು ಎದೆನೋವಿಲ್ಲದೆ ಹತ್ತಬಲ್ಲವರಿಗೆ ಲೈಂಗಿಕ ಸಂಬಂಧ ಅಪಾಯವಲ್ಲ. ಆಸಕ್ತಿ ಕುಗ್ಗಲು ಭಯ, ಖಿನ್ನತೆ, ಕೆಲವೊಮ್ಮೆ ಮಾತ್ರೆ ಕಾರಣ, ಡಾಕ್ಟರಿಗೆ ಹೇಳಬಹುದು. ಅಂಗಡಿಯಿಂದ ಸಿಲ್ಡೆನಾಫಿಲ್‌ನಂಥ (ವಯಾಗ್ರಾ) ಮಾತ್ರೆಯನ್ನು ನೀವಾಗಿ ತರಬೇಡಿ. ಅದೂ ಸಾರ್ಬಿಟ್ರೇಟೂ ಒಂದೇ ದಿನ ಮೈಯಲ್ಲಿ ಸೇರಿದರೆ ಬಿಪಿ ಜೀವಕ್ಕೆ ಅಪಾಯವಾಗುವಷ್ಟು ಕುಸಿಯುತ್ತದೆ.

ಖಿನ್ನತೆ ಇದೆಯೇ ಎಂದು ನೋಡಲು ಆಯಾಸ, ನಿದ್ದೆ, ಹಸಿವುಗಳನ್ನು ನಂಬುವಂತಿಲ್ಲ, ಹೃದ್ರೋಗದಲ್ಲೂ ಅವು ಕೆಡುತ್ತವೆ. ವೈದ್ಯರು ಎರಡು ಪ್ರಶ್ನೆ ಕೇಳುತ್ತಾರೆ. ಕಳೆದ ಎರಡು ವಾರದಲ್ಲಿ ಯಾವುದರಲ್ಲೂ ಆಸಕ್ತಿ, ಖುಷಿ ಇಲ್ಲದ ಹಾಗೆ ಎಷ್ಟು ದಿನ ಇತ್ತು? ಮನಸ್ಸು ಕುಗ್ಗಿ, ಮುಂದೇನೂ ಇಲ್ಲ ಎನಿಸಿದ್ದು ಎಷ್ಟು ದಿನ? ಇಲ್ಲವೇ ಇಲ್ಲ ಎಂದರೆ 0, ಕೆಲವು ದಿನ 1, ಅರ್ಧಕ್ಕಿಂತ ಹೆಚ್ಚು ದಿನ 2, ಹೆಚ್ಚೂಕಡಿಮೆ ದಿನಾ 3. ಎರಡೂ ಸೇರಿ ಮೂರು ಅಥವಾ ಹೆಚ್ಚು ಬಂದರೆ ಮನೋವೈದ್ಯರನ್ನು ಕಾಣಬೇಕು. ನೀವು ಬರೆದದ್ದನ್ನು ನೋಡಿದರೆ ನಿಮ್ಮದು ಮೂರು ದಾಟುವಂತೆ ಕಾಣುತ್ತದೆ. ಮಡಿಕೇರಿಯ ಜಿಲ್ಲಾ ಬೋಧಕ ಆಸ್ಪತ್ರೆಯಲ್ಲಿ ವಿಚಾರಿಸಿ. ತಾಲ್ಲೂಕು ಆಸ್ಪತ್ರೆಗಳಿಗೆ ನಿಗದಿತ ದಿನ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮವೂ ಇದೆ, ದಿನ ಯಾವುದೆಂದು ಫೋನ್ ಮಾಡಿಯೇ ಹೊರಡಿ. ಮನೆಯಿಂದಲೇ ಮಾತಾಡಲು 14416, ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸೇವೆ ಅದು. ಉಚಿತ, ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಎರಡು ಗಂಟೆಗೂ.

ಮಾತ್ರೆ ಬೇಕಾದರೆ ಹೆದರಬೇಡಿ. ಸರ್ಟ್ರಲಿನ್ ಎಂಬ ಖಿನ್ನತೆಯ ಔಷಧವನ್ನು ಹೃದಯಾಘಾತವಾದವರಲ್ಲೇ ಪರೀಕ್ಷಿಸಿ, ಹೃದಯಕ್ಕೆ ಅದು ಸುರಕ್ಷಿತ ಎಂದು 2002ರಲ್ಲಿ ತೋರಿಸಿದ್ದಾರೆ. ಸಾಮಾನ್ಯವಾಗಿ 25 ಮಿ.ಗ್ರಾಂ.ನಿಂದ ಶುರು, ಆಮೇಲೆ 50. ಗುಣ ಕಾಣಲು ಎರಡರಿಂದ ಆರು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸಿ, ಚಡಪಡಿಕೆ ಸ್ವಲ್ಪ ಹೆಚ್ಚಾಗಿ, ಅನೇಕರು ಆಗಲೇ ಬಿಟ್ಟುಬಿಡುತ್ತಾರೆ. ನೀವು ರಕ್ತ ತೆಳು ಮಾಡುವ ಮಾತ್ರೆಯಲ್ಲಿರುವುದನ್ನು ಮನೋವೈದ್ಯರಿಗೆ ಪಟ್ಟಿ ತೋರಿಸಿಯೇ ಹೇಳಿ. ಎರಡೂ ಸೇರಿದಾಗ ರಕ್ತಸ್ರಾವದ ಸಂಭವ ಏರುವುದರಿಂದ ಕಪ್ಪು ಮಲ ಕಂಡರೆ ತಡ ಮಾಡಬಾರದು. ಅಮಿಟ್ರಿಪ್ಟಿಲಿನ್‌ನಂಥ ಹಳೆಯ ಕಾಲದ ಖಿನ್ನತೆಯ ಮಾತ್ರೆಗಳು ಹೃದಯದ ಲಯ ಕೆಡಿಸಬಲ್ಲವು, ಸಾಧಾರಣವಾಗಿ ನಿಮ್ಮಂಥವರಿಗೆ ಕೊಡುವುದಿಲ್ಲ. ಮೆಡಿಕಲ್ ಶಾಪಿನಿಂದ ಅಲ್ಪ್ರಜೋಲಾಮ್ ಎಂಬ ದಿಗಿಲು ತಗ್ಗಿಸುವ ಮಾತ್ರೆ ತಂದು ನುಂಗುವ ಅಭ್ಯಾಸ ಬೇಡವೇ ಬೇಡ. ಕೆಲವೇ ವಾರದಲ್ಲಿ ಅದಿಲ್ಲದೆ ಆಗುವುದಿಲ್ಲ ಎಂಬ ಸ್ಥಿತಿ ಬರುತ್ತದೆ, ಬಿಟ್ಟ ದಿನ ದಿಗಿಲು ಇಮ್ಮಡಿಯಾಗುತ್ತದೆ, ಕುಡಿತದ ಜೊತೆ ಸೇರಿದರೆ ಉಸಿರೇ ಕುಗ್ಗಬಹುದು. ನಿದ್ದೆಗಾಗಿ ಸಂಜೆ ಒಂದು ಪೆಗ್ ಎಂಬುದೂ ಅಷ್ಟೆ: ಹನ್ನೊಂದಕ್ಕೆ ನಿದ್ದೆ ಬರಿಸಿ, ಎರಡಕ್ಕೆ ಎಬ್ಬಿಸುತ್ತದೆ.

‘ಬದುಕಿ ಏನು ಮಾಡಲಿ’ ಎಂಬ ಯೋಚನೆ ಒಮ್ಮೆಯಾದರೂ ಬಂದಿದ್ದರೆ, ಅಥವಾ ಬೇಸತ್ತು ಮಾತ್ರೆ ಬಿಟ್ಟುಬಿಡೋಣ ಎನಿಸಿದ್ದರೆ, ಅದನ್ನು ಮನೆಯವರಿಗೆ ಮತ್ತು ಡಾಕ್ಟರಿಗೆ ಅಂದೇ ಹೇಳಬೇಕು. ಕೊಡಗಿನಲ್ಲಿ ಮನೆಯಲ್ಲೇ ಕೋವಿ ಇರುತ್ತದೆ, ತೋಟದ ಔಷಧಿ ಇರುತ್ತದೆ. ಅಂಥ ಯೋಚನೆ ಅಲೆಯಂತೆ ಏರಿ ಇಳಿಯುವಂಥದ್ದು, ಆ ಹೊತ್ತು ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ. ಸದ್ಯಕ್ಕೆ ಕೋವಿ ಅಣ್ಣನ ಮನೆಯಲ್ಲಿರಲಿ, ಔಷಧಿ ಕೋಣೆಯ ಬೀಗದ ಕೈ ಮನೆಯವರ ಹತ್ತಿರ ಇರಲಿ. ಅವಮಾನ ಎಂದುಕೊಳ್ಳಬೇಡಿ. ಸ್ವಲ್ಪ ಕಾಲದ ಮಾತು.

ಹುತ್ತರಿಗೆ ಹೋಗಿ. ಎದೆನೋವಿಲ್ಲದೆ ಇರುವ, ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿರುವ ಹೃದಯಕ್ಕೆ ಕೋವಿಯ ಸದ್ದು ಒಂದು ನೆಗೆತ ಕೊಡುತ್ತದೆ, ಒಂದೆರಡು ನಿಮಿಷದಲ್ಲಿ ನಾಡಿ ಮೊದಲಿನಂತಾಗುತ್ತದೆ. ಬೀಟಾ ಬ್ಲಾಕರ್ ಆ ನೆಗೆತವನ್ನೂ ತಗ್ಗಿಸುತ್ತದೆ. ಹೆದರಿಸುವುದು ಅನಿರೀಕ್ಷಿತ ಸದ್ದು. ಹಾಗಾಗಿ ಯಾವಾಗ ಹಾರಿಸುತ್ತಾರೆ ಎಂದು ಅಣ್ಣನನ್ನು ಮೊದಲೇ ಕೇಳಿ, ಸ್ವಲ್ಪ ಹಿಂದೆ ಮನೆಯವರ ಪಕ್ಕ ನಿಂತು, ಸದ್ದಾಗುವಾಗ ಉಸಿರನ್ನು ನಿಧಾನವಾಗಿ ಬಿಡುತ್ತಿರಿ. ಈ ಸಲ ಹಾರಿಸುವ ಕೆಲಸ ಬೇರೆಯವರದಾಗಲಿ. ನಿಜವಾಗಿ ಗಮನ ಕೊಡಬೇಕಾದದ್ದು ಗದ್ದೆಯ ದಾರಿಗೆ. ಎಲ್ಲರೂ ಹೊರಡುವುದಕ್ಕಿಂತ ಹತ್ತು ನಿಮಿಷ ಮೊದಲೇ ಇಬ್ಬರೂ ನಿಧಾನವಾಗಿ ಇಳಿಯಿರಿ. ವಾಪಸು ಹತ್ತುವಾಗ ‘ಪೊಲಿ ಪೊಲಿ ದೇವಾ’ ಎಂದು ಕೂಗುತ್ತಾ ಗುಂಪಿನ ವೇಗಕ್ಕೆ ಓಡಬೇಡಿ. ರಾತ್ರಿ ಚಳಿ ಇರುತ್ತದೆ, ಕಿವಿ ಮುಚ್ಚುವ ಟೊಪ್ಪಿ, ಸ್ವೆಟರ್ ಬೇಕು. ಮಾತ್ರೆ ಜೇಬಿನಲ್ಲಿ, ಸಾರ್ಬಿಟ್ರೇಟ್ ಶರ್ಟಿನ ಜೇಬಿನಲ್ಲೇ. ಊಟಕ್ಕೆ ಮೂಲೆಯಲ್ಲಿ ಒಬ್ಬರೇ ಕೂತು ಗಂಜಿ ಕುಡಿಯಬೇಕಾಗಿಲ್ಲ. ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ತಿನ್ನಿ, ಪಂದಿ ಕರಿಯಲ್ಲಿ (ಹಂದಿ ಮಾಂಸದ ಸಾರು) ಕೊಬ್ಬಿಲ್ಲದ ಮೂರು ನಾಲ್ಕು ತುಂಡು ಸಾಕು, ಮೇಲೆ ತೇಲುವ ಎಣ್ಣೆಯ ಸಾರು ಬೇಡ, ಉಪ್ಪಿನಕಾಯಿಯೂ ಬೇಡ. ‘ಒಂದೇ ಒಂದು ಪೆಗ್’ ಎಂದು ಒತ್ತಾಯಿಸುವವರಿಗೆ ಏನು ಹೇಳಬೇಕೆಂದು ಅಣ್ಣನಿಗೆ ಮೊದಲೇ ತಿಳಿಸಿಡಿ, ನಿಮ್ಮ ಪರವಾಗಿ ಅವರೇ ಹೇಳಲಿ. ಹೊರಡುವ ಮೊದಲು ಮತ್ತು ಬಂದ ಮೇಲೆ ಭಯದ ಅಂಕವನ್ನು ಪುಸ್ತಕದಲ್ಲಿ ಬರೆದು, ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಬಿಪಿ ಬರೆದ ಹಾಳೆಯ ಜೊತೆ ಅದನ್ನೂ ತೋರಿಸಿ.